ಕೀಮೋ ಹೊತ್ತಿಗೆ ಉಗುರಿನ ಕಾವಲು: ಜೆಲ್ ಕೈಗವಸೋ, ಅವರೆಬೇಳೆ ಪೊಟ್ಟಣವೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಿತಕಿದ ಅವರೆಬೇಳೆಗೆ. ತಿನ್ನುವುದಕ್ಕಲ್ಲ, ಫ್ರೀಜರಿನಲ್ಲಿ ಕಲ್ಲು ಮಾಡಿ ಬೆರಳಿಗೆ ಕಟ್ಟಿಕೊಳ್ಳುವುದಕ್ಕೆ. ಎರಡೂಕಾಲು ಸಾವಿರ ಕೊಟ್ಟು ತರಿಸಿದ ಜೆಲ್ ಕೈಗವಸು ಈಗ ಅಟ್ಟದ ಮೇಲಿದೆ.

ನನಗೆ ಪ್ರಾಸ್ಟೇಟ್ ಕ್ಯಾನ್ಸರ್. ಜನವರಿಯಿಂದ ಏಪ್ರಿಲ್‌ವರೆಗೆ, 21 ದಿನಕ್ಕೊಂದರಂತೆ ಆರು ಸಲ ಡೋಸಿಟ್ಯಾಕ್ಸೆಲ್ ಅನ್ನುವ ಕೀಮೋ ಔಷಧಿ ಹಾಕಿಸಿಕೊಂಡೆ. ಕೂದಲು ಹೋಗುತ್ತೆ, ಬಾಯಿ ರುಚಿ ಕೆಡುತ್ತೆ ಅಂತ ಕಂಡವರೆಲ್ಲ ಹೇಳಿದ್ದರು. ಉಗುರಿನ ಸುದ್ದಿ ಯಾರೂ ಎತ್ತಿರಲಿಲ್ಲ. ಮೊದಲ ಡೋಸಾಗಿ ಮೂರನೇ ವಾರ, ಅಂಗಿಯ ಗುಂಡಿ ಹಾಕುವಾಗ ಹೆಬ್ಬೆರಳ ತುದಿ ಚುಳ್ ಅಂತು. ನೋಡಿದರೆ ಉಗುರಿನ ಬುಡದಲ್ಲಿ ಕಂದು ಛಾಯೆ. ಬ್ಯಾಂಕಿನಲ್ಲಿ ಮೂವತ್ತು ಮೂರು ವರ್ಷ ನೋಟು ಎಣಿಸಿದ ಬೆರಳು, ಒಂದು ದಿನವೂ ಮುನಿದದ್ದಿಲ್ಲ.

ಡಾಕ್ಟರು ವಿವರಿಸಿದರು. ಉಗುರು ಹುಟ್ಟುವ ಬುಡದಲ್ಲಿ ಕೋಶಗಳು ಬೇಗ ಬೇಗ ಬೆಳೆಯುತ್ತವೆ, ಔಷಧಿಯ ಏಟು ಅಲ್ಲಿಗೂ ಬೀಳುತ್ತದೆ. ಔಷಧಿ ಇಳಿಯುವಷ್ಟು ಹೊತ್ತು ಬೆರಳನ್ನು ಚೆನ್ನಾಗಿ ತಣ್ಣಗಿಟ್ಟರೆ ರಕ್ತನಾಳ ಕುಗ್ಗಿ ಅಲ್ಲಿಗೆ ತಲುಪುವ ಪ್ರಮಾಣ ಕಡಿಮೆಯಾಗುತ್ತದಂತೆ. ಸೊಸೆ ಅಂದೇ ರಾತ್ರಿ ಹುಡುಕಿ ತೆಗೆದಳು: 2005ರಲ್ಲಿ ಫ್ರಾನ್ಸಿನ ವೈದ್ಯರು ಇದೇ ಔಷಧಿ ತೆಗೆದುಕೊಳ್ಳುತ್ತಿದ್ದ 45 ಜನರ ಬಲಗೈಗೆ ಮಾತ್ರ ಹೆಪ್ಪುಗಟ್ಟಿಸಿದ ಕೈಗವಸು ಹಾಕಿ, ಎಡಗೈಯನ್ನು ಹಾಗೇ ಬಿಟ್ಟು ನೋಡಿದ್ದರು. ಬರೀ ಕೈಯಲ್ಲಿ ಶೇ. 51 ಜನರಿಗೆ ಉಗುರು ಕೆಟ್ಟಿತ್ತು, ಕೈಗವಸಿನ ಕೈಯಲ್ಲಿ ಶೇ. 11. ಅಷ್ಟು ಸಾಕಾಯಿತು, ಮಾರನೇ ದಿನವೇ ಆರ್ಡರ್ ಆಯಿತು.

ಕೈಗವಸು ನೋಡಲು ದಪ್ಪ, ಒಳಗೆ ನೀಲಿ ಜೆಲ್, ಮಣಿಕಟ್ಟಿಗೆ ವೆಲ್ಕ್ರೋ. ಎರಡನೇ ಡೋಸಿನ ದಿನ ಬೆಳಿಗ್ಗೆ ಆರೂವರೆಗೆ ತುಮಕೂರು ಬಿಟ್ಟೆವು, ಕೈಗವಸು ಬಟ್ಟೆ ಚೀಲದಲ್ಲಿ. ಬೆಂಗಳೂರು ಮುಟ್ಟಿದ್ದು ಒಂಬತ್ತಕ್ಕೆ. ಆಮೇಲೆ ರಕ್ತ ಪರೀಕ್ಷೆ, ರಿಪೋರ್ಟು, ಡಾಕ್ಟರ ಸಹಿ, ಬಿಲ್ಲು. ಕೀಮೋ ಗೊತ್ತಿದ್ದವರಿಗೆ ಮುಂದಿನದು ಗೊತ್ತು: ಕುರ್ಚಿ ಸಿಕ್ಕರೂ ಔಷಧಿ ಬೆರೆಸಿ ಬರುವುದಿಲ್ಲ. ನನ್ನ ಬಾಟಲಿ ಬಂದಾಗ ಹನ್ನೆರಡೂವರೆ. ಅಷ್ಟರಲ್ಲಿ ಕೈಗವಸು ನಿನ್ನೆಯ ಮುದ್ದೆಯ ಹಾಗೆ ಮೆತ್ತಗಾಗಿತ್ತು. ಡೇ ಕೇರ್‌ನ ಫ್ರಿಜ್ಜಿನಲ್ಲಿಡಲು ಕೇಳಿದೆ. ಅಲ್ಲಿ ಔಷಧಿ ಬಿಟ್ಟು ಹೊರಗಿನದೇನೂ ಇಡುವಂತಿಲ್ಲ ಅಂದರು. ಅವರ ಮಾತೂ ಸರಿಯೇ.

ಮೂರನೇ ಸಲ ನಮ್ಮನೆಯವಳು ಹಣ್ಣಿನಂಗಡಿಯಿಂದ ದಪ್ಪ ಥರ್ಮಾಕೋಲ್ ಡಬ್ಬ ತಂದಳು, ನೂರಿಪ್ಪತ್ತು ರೂಪಾಯಿ. ಕೈಗವಸು ಇಟ್ಟರೂ ಅರ್ಧ ಖಾಲಿ. "ಖಾಲಿ ಇದ್ರೆ ಬೇಗ ಬಿಸಿಯಾಗತ್ತೆ ರೀ" ಅಂತ ಸಂಕ್ರಾಂತಿ ಹೊತ್ತಿಗೆ ಹಿತಕಿ ಫ್ರೀಜರಿನಲ್ಲಿಟ್ಟಿದ್ದ ಅವರೆಬೇಳೆಯ ನಾಲ್ಕು ಪೊಟ್ಟಣ ತುರುಕಿ, ಮೇಲೆ ಹಳೇ ಪೇಪರ್ ಮಡಚಿಟ್ಟಳು. ಹನ್ನೆರಡಾದರೂ ಎಲ್ಲ ಕಲ್ಲಿನಂತೆಯೇ ಇತ್ತು. ಗೆದ್ದೆ ಅಂದುಕೊಂಡೆ.

ಸಿಸ್ಟರ್ ಬಂದು ಎಡಗೈ ಹಿಂಭಾಗಕ್ಕೆ ಕ್ಯಾನುಲಾ, ಅಂದರೆ ಡ್ರಿಪ್ ಹೋಗುವ ಸೂಜಿನಳಿಕೆ, ಚುಚ್ಚಿದರು. ಅದರ ಮೇಲೆ ಕೈಗವಸು ಹೋಗುವುದಿಲ್ಲ! ಒತ್ತಿ ತೂರಿಸಿದರೆ ಸೂಜಿ ಅಲ್ಲಾಡುತ್ತದೆ. ಸಾಲದ್ದಕ್ಕೆ ಇಡೀ ಹಸ್ತ ತಣ್ಣಗಾದರೆ ರಕ್ತನಾಳ ಮುದುಡಿ ಡ್ರಿಪ್ ನಿಧಾನವಾಗುತ್ತೆ ಅಂತ ಅವರ ತಕರಾರು. ಬಲಗೈಗೆ ಕೈಗವಸು ಹಾಕಿಕೊಂಡು, ಎಡಗೈಗೆ ಬೇರೆ ದಾರಿ ಕಾಣದೆ ಎರಡು ಅವರೆಬೇಳೆ ಪೊಟ್ಟಣದ ನಡುವೆ ಬೆರಳ ತುದಿಗಳನ್ನಷ್ಟೇ ಸಿಕ್ಕಿಸಿ ಕೂತೆ. ಬೇಳೆ ಸಣ್ಣ, ಚಪ್ಪಟೆ. ಸ್ವಲ್ಪ ಹಿಸುಕಿದರೆ ಬೆರಳ ಸಂದಿಗೆಲ್ಲ ಇಳಿದು ಕೂರುತ್ತದೆ. ಆಮೇಲೆ ಬಟಾಣಿಯನ್ನೂ ನೋಡಿದೆ, ಗುಂಡಗಿದ್ದು ಜಾರುತ್ತದೆ, ಎರಡನೇ ದರ್ಜೆ.

ಇನ್ನು ಯಾವ ಜಾಹೀರಾತಿನಲ್ಲೂ ಬರೆಯದ ತೊಂದರೆ. ಡ್ರಿಪ್ ಮೇಲೆ ಡ್ರಿಪ್ ಹೋಗುವಾಗ ನನ್ನ ವಯಸ್ಸಿನ, ನನ್ನ ಕಾಯಿಲೆಯ ಗಂಡಸು ಎಷ್ಟು ಹೊತ್ತು ಮೂತ್ರ ತಡೆದಾನು? ಮೂವತ್ತನೇ ನಿಮಿಷಕ್ಕೆ ಎದ್ದೆ. ಎಡಗೈಯಲ್ಲಿ ಕ್ಯಾನುಲಾ, ಬಲಗೈಯಲ್ಲಿ ಬಾಕ್ಸಿಂಗ್‌ನವರ ಹಾಗೆ ಕೈಗವಸು. ವೆಲ್ಕ್ರೋವನ್ನು ಹಲ್ಲಿನಿಂದ ಕಿತ್ತು, ಮರಗಟ್ಟಿದ ಬೆರಳಲ್ಲಿ ಪೈಜಾಮದ ಲಾಡಿ ಬಿಚ್ಚಲು ಪಟ್ಟ ಪಾಡು ದೇವರಿಗೇ ಪ್ರೀತಿ. ಲಾಡಿ ಗಂಟಾಯಿತು. ಕೊನೆಗೆ ವಾರ್ಡ್ ಹುಡುಗ ಬಂದು ಬಿಚ್ಚಿದ, ಪುಣ್ಯಾತ್ಮ. ವಾಪಸ್ ಬಂದು ಕೈಗವಸು ಹಾಕಿಕೊಳ್ಳುವಷ್ಟರಲ್ಲಿ ಹತ್ತು ನಿಮಿಷ ಬೆರಳು ಬೆಚ್ಚಗಾಗಿ ಹೋಗಿತ್ತು. ಪೊಟ್ಟಣವಾದರೆ ಕೈ ಎಳೆದುಕೊಂಡರಾಯಿತು, ಬಂದು ಮತ್ತೆ ಸಿಕ್ಕಿಸಿದರಾಯಿತು. ಇಷ್ಟಾದ ಮೇಲೆ ನಾಲ್ಕನೇ ಡೋಸಿನಿಂದ ಕೈಗೂ ಕಾಲಿಗೂ ಪೊಟ್ಟಣವೇ. ಎಲಾಸ್ಟಿಕ್ ಇರುವ ಪೈಜಾಮವನ್ನೂ ತಗೊಂಡೆ.

ಮಾಡುವ ರೀತಿ ಇಷ್ಟು: ಅರ್ಧ ಕಿಲೋ ಬೇಳೆಯನ್ನು ಜಿಪ್ ಕವರಿನಲ್ಲಿ ತೆಳ್ಳಗೆ ಹರಡಿ ಹೆಪ್ಪುಗಟ್ಟಿಸಬೇಕು. ಒಂದೊಂದು ಕೈಕಾಲಿಗೆ ಎರಡು, ಒಟ್ಟು ಎಂಟು. ಚರ್ಮಕ್ಕೆ ನೇರವಾಗಿ ತಾಗಿಸಬಾರದು, ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಕೈಗೆ ಹಳೇ ಬನಿಯನ್ ಬಟ್ಟೆ, ಕಾಲಿಗೆ ಹತ್ತಿಯ ಸಾಕ್ಸು, ಮೇಲೆ ಕ್ರೇಪ್ ಬ್ಯಾಂಡೇಜ್ ಸಡಿಲವಾಗಿ. ಔಷಧಿಗೆ ಕಾಲು ಗಂಟೆ ಮುಂಚೆ ಶುರು, ಔಷಧಿ ಇಳಿಯುವ ಒಂದು ಗಂಟೆ, ಆಮೇಲೆ ಇನ್ನೊಂದು ಕಾಲು ಗಂಟೆ. ಮೊದಲ ಹತ್ತು ನಿಮಿಷ ಕಣ್ಣಲ್ಲಿ ನೀರು ಬರುತ್ತದೆ, ಆಮೇಲೆ ಜೋಮು ಹಿಡಿದು ಸುಮ್ಮನಾಗುತ್ತದೆ. ಪೊಟ್ಟಣದ ಮೇಲೆ ಮಾರ್ಕರಿನಲ್ಲಿ "ತಿನ್ನಬೇಡಿ" ಅಂತ ಬರೆಯಿರಿ. ನಮ್ಮಲ್ಲಿ ಒಂದು ಸಾರಿಗೆ ಬೀಳುವುದರಲ್ಲಿತ್ತು.

ನಿಮ್ಮ ಔಷಧಿ ಆಕ್ಸಾಲಿಪ್ಲಾಟಿನ್ ಆಗಿದ್ದರೆ ಈ ತಣ್ಣನೆಯ ಸಹವಾಸ ಬೇಡವೇ ಬೇಡ, ಅದನ್ನು ತಗೊಂಡವರಿಗೆ ಚಳಿ ತಾಗಿದರೆ ನರಗಳ ನೋವು ಕೆರಳುತ್ತದೆ. ಶುಗರಿನಿಂದ ಕಾಲಿನ ಸ್ಪರ್ಶ ಕಮ್ಮಿಯಾದವರೂ ಡಾಕ್ಟರನ್ನು ಕೇಳದೆ ಇಳಿಯಬೇಡಿ.

ಉಳಿದ ಉಪಾಯಗಳು. ಪಾರದರ್ಶಕ ನೇಲ್ ಪಾಲಿಶನ್ನು ಸೊಸೆ ಹಚ್ಚಿದಳು, ಉಗುರು ಸೀಳುವುದು ಕಡಿಮೆಯಾಯಿತು ಅನಿಸಿತು. ಬೆಳಕು ತಡೆಯುತ್ತೆ ಅಂತ ಗಾಢ ಬಣ್ಣ ಹಚ್ಚಿಕೊಂಡಿದ್ದ ಪಕ್ಕದ ಕುರ್ಚಿಯ ತಾಯಿಗೆ, ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡುವಾಗ ಅಂಕಿ ಸರಿಯಾಗಿ ಬರಲಿಲ್ಲ, ಅಳಿಸಿಯೇ ಕೂರಬೇಕಾಯಿತು. ರಾತ್ರಿ ಕೊಬ್ಬರಿ ಎಣ್ಣೆ ಉಗುರಿನ ಸುತ್ತ ಉಜ್ಜುವುದು ಖರ್ಚಿಲ್ಲದ ಅಭ್ಯಾಸ, ಬಿಟ್ಟಿಲ್ಲ. ಅಕ್ಕ ಹೇಳಿದ ಗೋರಂಟಿ ಹಚ್ಚಲಿಲ್ಲ, ಉಗುರಿನ ಬಣ್ಣ ಡಾಕ್ಟರಿಗೆ ಕಾಣಬೇಕಲ್ಲ.

ಫಲಿತಾಂಶ? ಕೈಯ ಹತ್ತು ಉಗುರಿನಲ್ಲಿ ಒಂದೂ ಏಳಲಿಲ್ಲ. ಮೂರನೇ ಡೋಸಿನಲ್ಲಿ ಕೈಗವಸು ಕಂಡ ಬಲಗೈಗೂ ಪೊಟ್ಟಣ ಕಂಡ ಎಡಗೈಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಅಡ್ಡ ಗೆರೆಗಳು ಮಾತ್ರ ಬಂದವು, ಎರಡೆರಡು ಮಿಲಿಮೀಟರ್ ಅಂತರದಲ್ಲಿ, ಡೋಸಿಗೊಂದು, ಪಾಸ್‌ಬುಕ್ಕಿನ ಎಂಟ್ರಿಯ ಹಾಗೆ. ಕಾಲಿಗೆ ತಡವಾಗಿ ಶುರು ಮಾಡಿದ್ದಕ್ಕೆ ದಂಡ ತೆತ್ತೆ. ಎರಡೂ ಹೆಬ್ಬೆಟ್ಟಿನ ಉಗುರು ಕಪ್ಪಾಗಿ ಬುಡ ಬಿಟ್ಟವು. ಕೀಳಬೇಡಿ ಅಂದಿದ್ದರು, ಮೈಕ್ರೋಪೋರ್ ಟೇಪ್ ಸುತ್ತಿ, ಮುಂಭಾಗ ಅಗಲವಿರುವ ಚಪ್ಪಲಿಯಲ್ಲಿ ಓಡಾಡಿದೆ. ಕೀವು ಬಂದರೆ, ಜ್ವರ 100.4 ದಾಟಿದರೆ ಮಧ್ಯರಾತ್ರಿಯಾದರೂ ಫೋನ್ ಮಾಡಿ ಅಂದಿದ್ದರು. ಪುಣ್ಯಕ್ಕೆ ಆ ಸಂದರ್ಭ ಬರಲಿಲ್ಲ. ಈಗ ಡಿಸೆಂಬರ್. ಕಾಲಿನ ಹೊಸ ಉಗುರು ಅರ್ಧಕ್ಕೆ ಬಂದಿದೆ.

ಕಾರಿನಲ್ಲಿ ಹತ್ತು ನಿಮಿಷಕ್ಕೆ ಆಸ್ಪತ್ರೆ ಮುಟ್ಟುವವರು, ಎದೆಯಲ್ಲಿ ಪೋರ್ಟ್ (ಔಷಧಿ ಹಾಕಲು ಚರ್ಮದಡಿ ಕೂರಿಸುವ ಪುಟ್ಟ ಡಬ್ಬಿ) ಇದ್ದು ಕೈಗೆ ಸೂಜಿ ಬೇಡದವರು, ಎರಡು ಜೊತೆ ಕೊಳ್ಳಲು ದುಡ್ಡಿರುವವರು ಕೈಗವಸನ್ನೇ ತಗೊಳ್ಳಿ. ಅದು ಅರ್ಧದಲ್ಲಿ ತಣ್ಣಗಿರುವುದು ಬಿಡುತ್ತದೆ, ಬದಲಿಸಲು ಇನ್ನೊಂದು ಜೊತೆ ಬೇಕೇ ಬೇಕು. ನನ್ನ ಒಂದು ಜೊತೆ ಯಾರಿಗಾದರೂ ಬೇಕಿದ್ದರೆ ತುಮಕೂರಿಗೆ ಬಂದು ಒಯ್ಯಿರಿ, ದುಡ್ಡು ಬೇಡ. ಅವರೆಬೇಳೆ ನೀವೇ ಹಿತಕಿಕೊಳ್ಳಿ, ನಮ್ಮ ಪೊಟ್ಟಣಗಳು ಸೋರುತ್ತಿವೆ.