ತಂತಿ ಗೂಡು, ನೆಲದ ದೊಡ್ಡಿ, ಎತ್ತರದ ಮನೆ: ಕಲಬುರಗಿ ಬಿಸಿಲಲ್ಲಿ ನಮ್ಮ ಮೊಲಗಳು

"ತಮ್ಮಾ, ಇದರಾಗ ಅದು ಕಾಲ್ ಚಾಚಿ ಮಲಗೋದು ಹ್ಯಾಂಗೋ?" ತಂತಿ ಗೂಡು ಟೆಂಪೋದಿಂದ ಇಳಿಸಿದ ದಿನ ನಮ್ಮ ಕಾಕಾ ಕೇಳಿದ ಮೊದಲ ಮಾತಿದು. ನಾನು ನಕ್ಕುಬಿಟ್ಟೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಸಿಗೋಕೆ ಎರಡು ಬೇಸಿಗೆ, ಒಂದು ಮಳೆಗಾಲ ಹಿಡಿಯಿತು.

ನಮ್ಮದು ಚಿತ್ತಾಪುರದ ಕಡೆ. ಸಾಕಿದ್ದು ನ್ಯೂಜಿಲೆಂಡ್ ವೈಟ್ ಮತ್ತು ಸೋವಿಯತ್ ಚಿಂಚಿಲ್ಲಾ ಎಂಬ ಸಾಕು ಮೊಲದ ತಳಿಗಳು, ಒಟ್ಟು ಹನ್ನೆರಡು. ಹೊಲದಲ್ಲಿ ಓಡಾಡುವ ಕಾಡು ಮೊಲ ಬೇರೆ ಜಾತಿ. ಅದನ್ನು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. "ಎಲ್ಲಿ ಹಿಡಿದ್ರಿ?" ಅಂತ ಕೇಳುವವರು ಈಗಲೂ ಇದ್ದಾರೆ, ಅದಕ್ಕೆ ಹೇಳಿದೆ.

ಮೊದಲನೆಯದು ತಂತಿ ಗೂಡು. ಎರಡೂವರೆ ಅಡಿ ಅಗಲ, ಎರಡು ಅಡಿ ಆಳ, ಒಂದೂವರೆ ಅಡಿ ಎತ್ತರ. ಇದರ ಒಂದು ಗುಣ ಒಪ್ಪಲೇಬೇಕು: ಹಿಕ್ಕೆ, ಉಚ್ಚೆ ಎಲ್ಲಾ ಕೆಳಗೆ ಬೀಳುತ್ತದೆ, ಮೊಲ ಒಣಗಿರುತ್ತದೆ. ಯಾವುದು ಮೇವು ಬಿಟ್ಟಿದೆ, ಯಾವುದಕ್ಕೆ ಭೇದಿ ಅಂತ ಒಂದು ನೋಟಕ್ಕೇ ಗೊತ್ತಾಗುತ್ತದೆ. ಆದರೆ ನಾಲ್ಕು ಕೆ.ಜಿ. ಮೊಲ ಹಿಂಗಾಲ ಮೇಲೆ ನಿಂತರೆ ಕಿವಿ ಮೇಲಿನ ತಂತಿಗೆ ಬಡಿಯುತ್ತಿತ್ತು. ನಾಲ್ಕನೇ ತಿಂಗಳಿಗೆ ಎರಡು ಮೊಲಗಳ ಹಿಂಗಾಲ ಅಡಿಯಲ್ಲಿ ಕೂದಲು ಉದುರಿ ಚರ್ಮ ಕೆಂಪಾಯಿತು, ಆಮೇಲೆ ಹುಣ್ಣು. ನಾಯಿ, ಬೆಕ್ಕಿನ ಹಾಗೆ ಮೊಲದ ಪಾದಕ್ಕೆ ಮೆತ್ತನೆ ಗದ್ದಿಗೆ ಇಲ್ಲ, ಬರೀ ಕೂದಲು. ಇಡೀ ಭಾರ ತಂತಿಯ ಮೇಲೆ ಬಿದ್ದರೆ ಏನಾಗಬೇಕು? ಇನ್ನೊಂದು ಮೊಲ ರಾತ್ರಿಯೆಲ್ಲಾ ತಂತಿ ಕಡಿಯುತ್ತಿತ್ತು. ಹಸಿವಿರಬೇಕು ಅಂದುಕೊಂಡು ಮೇವು ಜಾಸ್ತಿ ಹಾಕಿದೆ. ಹಸಿವಲ್ಲ, ಬೇಸರ.

ಇದಕ್ಕಿಂತ ದೊಡ್ಡ ತಪ್ಪು ನನ್ನದೇ. ಗೂಡು ಮಾರಿದವರು "ಶೆಡ್ ಯಾವುದಾದರೂ ನಡೆಯುತ್ತದೆ" ಅಂದರು, ನಾನು ತಗಡಿನ ಕೆಳಗೆ ಇಟ್ಟೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಒಳಗೆ 43 ಡಿಗ್ರಿ. ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಕಿವಿಯ ರಕ್ತನಾಳಗಳಿಂದ, ಉಸಿರಿನಿಂದ ಬಿಸಿ ಹೊರಹಾಕುತ್ತದೆ. ಹೊರಗಿನ ಗಾಳಿಯೇ ಮೈಗಿಂತ ಬಿಸಿಯಿದ್ದರೆ ಕಿವಿ ಏನು ಮಾಡೀತು? ಒಂದೇ ವಾರದಲ್ಲಿ ಎರಡು ಗಬ್ಬದ ಮೊಲ ಸತ್ತವು. ಉಳಿದ ಹೆಣ್ಣುಗಳಿಗೆ ಗಂಡು ಕೂಡಿಸಿದರೂ ಜುಲೈವರೆಗೆ ಗಬ್ಬ ನಿಲ್ಲಲಿಲ್ಲ. 30 ಡಿಗ್ರಿ ದಾಟಿದ ಬಿಸಿ ಹಾಗೇ ಮುಂದುವರಿದರೆ ಗಂಡಿನ ವೀರ್ಯ ಕೆಡುತ್ತದೆ, ಸರಿಹೋಗೋಕೆ ವಾರಗಟ್ಟಲೆ ಬೇಕು.

ಮಳೆ ಶುರುವಾಗುವಾಗ ನೆಲದ ದೊಡ್ಡಿ ಮಾಡಿದೆ. ಹತ್ತಡಿ ಉದ್ದ, ಎಂಟಡಿ ಅಗಲ, ಕೆಳಗೆ ಶಹಾಬಾದ್ ಕಲ್ಲು, ಮೇಲೆ ತೊಗರಿ ಹೊಟ್ಟು. ಬಿಟ್ಟ ಮೊದಲ ಸಂಜೆ ಅವು ಓಡಿದ್ದು, ಗಾಳಿಯಲ್ಲೇ ಮೈ ತಿರುಗಿಸಿ ಜಿಗಿದದ್ದು ನೋಡಿ ನಮ್ಮವ್ವ ಒಲೆ ಬಿಟ್ಟು ಬಂದು ನಿಂತಳು. ಇದೇ ಸರಿ ಅಂತ ತೀರ್ಮಾನಿಸಿಬಿಟ್ಟಿದ್ದೆ. ಅವಸರವಾಯಿತು.

ಹೆಣ್ಣುಗಳು ಜಗಳಕ್ಕೆ ಬಿದ್ದವು. ಎರಡು ಒಂದೇ ಮೂಲೆಯಲ್ಲಿ ಮರಿ ಹಾಕೋಕೆ ಹೋಗಿ ಒಂದರ ಮರಿ ಪೂರ್ತಿ ಹೋದವು. ಬೆಳೆದ ಗಂಡುಗಳಂತೂ ಒಂದಕ್ಕೊಂದು ಬೀಜಕ್ಕೇ ಬಾಯಿ ಹಾಕುತ್ತವೆ. ಅವನ್ನು ಮೊದಲೇ ಬೇರೆ ಮಾಡಿದ್ದೆ, ಸದ್ಯ. ಆಗಸ್ಟ್‌ನಲ್ಲಿ ಹೊಟ್ಟು ತೇವ ಹಿಡಿಯಿತು. ಮರಿಗಳ ಹೊಟ್ಟೆ ಉಬ್ಬಿ ಭೇದಿ. ಪಶು ಡಾಕ್ಟರು ನೋಡಿ "ಕಾಕ್ಸಿಡಿಯಾ" ಅಂದರು. ಹಿಕ್ಕೆಯಲ್ಲಿ ಬಂದ ರೋಗಾಣು ಬೆಚ್ಚಗಿನ ತೇವದಲ್ಲಿ ಎರಡು ಮೂರು ದಿನಕ್ಕೆ ಬಲಿತು, ಮೇವಿನ ಜೊತೆ ಮತ್ತೆ ಹೊಟ್ಟೆ ಸೇರುತ್ತದೆ. ಹತ್ತೊಂಬತ್ತು ಮರಿಗಳಲ್ಲಿ ಏಳು ಹೋದವು. ತಂತಿ ಗೂಡಿನಲ್ಲಿ ಈ ಕಾಟ ಇರಲಿಲ್ಲ.

ಈಗಿರುವುದು ಮೂರನೆಯದು. ನೆಲದಿಂದ ಎರಡೂವರೆ ಅಡಿ ಮೇಲೆ, ಆರಡಿ ಉದ್ದ, ಮೂರಡಿ ಅಗಲ, ಮೊಲ ಕಿವಿ ನೆಟ್ಟಗೆ ಮಾಡಿ ನಿಲ್ಲುವಷ್ಟು ಎತ್ತರ. ತಳ ತಂತಿಯದೇ, ಆದರೆ ಮೂರರಲ್ಲೊಂದು ಭಾಗಕ್ಕೆ ಶಹಾಬಾದ್ ಕಲ್ಲು ಕೂರಿಸಿದ್ದೇನೆ. ಒಳಗೊಂದು ಹಲಗೆಯ ಅಟ್ಟ, ಅಡಗಿ ಕೂರೋಕೆ ಪೆಟ್ಟಿಗೆ, ಕಡಿಯೋಕೆ ತೊಗರಿ ಕಟ್ಟಿಗೆ. ಒಂದೊಂದರಲ್ಲಿ ಒಂದು ಹೆಣ್ಣು, ಅದರ ಮರಿಗಳು. ಪಕ್ಕದ ಮನೆಯ ಮೊಲ ಜಾಲರಿಯಾಚೆ ಕಾಣುತ್ತದೆ, ಜಗಳಕ್ಕೆ ಸಿಗುವುದಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2020ರಲ್ಲಿ ಕೊಟ್ಟ ವರದಿಯಲ್ಲೂ ದೊಡ್ಡ ಮೊಲಗಳಿಗೆ ಮಾಮೂಲಿ ಗೂಡಿನಲ್ಲಿ ಓಡಾಡೋಕೆ ಜಾಗವಿಲ್ಲದ್ದೇ ದೊಡ್ಡ ಕೊರತೆ ಅಂತಿದೆ. ನಮ್ಮ ಕಾಕಾ ಅದನ್ನು ಬಾಗಿಲಲ್ಲೇ ಹೇಳಿದ್ದರು, ಅಲ್ವಾ?

ತಗಡು ಕಿತ್ತಿಲ್ಲ. ಅದರ ಮೇಲೆ ಕಣಿಕೆ, ತೊಗರಿ ಕಟ್ಟಿಗೆ ದಪ್ಪಗೆ ಹೊದಿಸಿದೆ. ಪಡುವಣ ಕಡೆ ಒದ್ದೆ ಗೋಣಿ ತಟ್ಟು ಕಟ್ಟಿದೆ. ಹೊರಗೆ 42 ಇದ್ದ ದಿನ ಒಳಗೆ 35. ಅದೂ ಮೊಲಕ್ಕೆ ಜಾಸ್ತಿಯೇ, ಆದರೆ ಈ ಬೇಸಿಗೆ ಒಂದೂ ಸಾಯಲಿಲ್ಲ. ಮೂರರಲ್ಲಿ ಯಾವುದು ಒಳ್ಳೆಯದು ಅಂತ ಕೇಳುವವರಿಗೆ ನಾನು ಮೊದಲು ಚಾವಣಿ ತೋರಿಸಿ ಅನ್ನುತ್ತೇನೆ. ಬರೀ ತಗಡಿದ್ದರೆ ಮೂರನೆಯದರಲ್ಲೂ ಸಾಯುತ್ತವೆ. ಮಧ್ಯಾಹ್ನ ನೀರು ಚಿಮುಕಿಸಿದ ಕಲ್ಲಿನ ಮೇಲೆ ಕಾಲು ಹಿಂದಕ್ಕೆ ಚಾಚಿ, ಹೊಟ್ಟೆ ಹಚ್ಚಿ ಮಲಗಿರುತ್ತವೆ. ಕಾಕಾಗೆ ಕರೆದು ತೋರಿಸಿದೆ. "ಹಾಂ, ಈಗ ಆತು" ಅಂದರು.

ಖರ್ಚು? ತಂತಿ ಗೂಡಿನ ಮೂರರಷ್ಟು. ಕೆಲಸವೂ ಜಾಸ್ತಿ. ಮೊಲದ ಉಚ್ಚೆಯಲ್ಲಿ ಸುಣ್ಣದ ಅಂಶ ಇರುತ್ತದೆ, ಕಲ್ಲಿನ ಮೇಲೆ ಬಿಳಿ ಪದರ ಕಟ್ಟುತ್ತದೆ. ಆಸಿಡ್ ಹಾಕಬೇಡಿ, ಶಹಾಬಾದ್ ಕಲ್ಲೂ ಸುಣ್ಣದ್ದೇ, ಕಲ್ಲನ್ನೇ ತಿಂದುಬಿಡುತ್ತದೆ. ಪ್ರತಿ ಭಾನುವಾರ ಹೊರಗೆ ತೆಗೆದು ಕೆರೆದು ಬಿಸಿಲಿಗೆ ಇಡುತ್ತೇನೆ. ಎರಡು ಜೊತೆ ಕಲ್ಲು ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಒಳಗೆ ಹೋಗುತ್ತದೆ.