ಎಂಬಿಬಿಎಸ್ ಮೊದಲ ವರ್ಷಕ್ಕೆ ಕಿಂಗ್ಸ್ ಸರ್ಕಲ್‌ನ ಹಳೇ ಪುಸ್ತಕಗಳು

ಮನೆಯ ಮಕ್ಕಳಿಗೆ ಮೆಡಿಕಲ್ ಸೀಟು ಸಿಕ್ಕ ಮುಂಬಯಿ ಕನ್ನಡಿಗರಿಗೆ ನನ್ನದೊಂದು ಮಾತು: ಹೊಸ ಪುಸ್ತಕದ ಪಟ್ಟಿ ಹಿಡಿದು ಓಡುವ ಮೊದಲು ಮಾಟುಂಗಾಕ್ಕೆ ಹೋಗಿ ಬನ್ನಿ. ಅಲ್ಲಿನ ಕನ್ನಡಿಗರ ಸಂಸ್ಥೆ ಮೈಸೂರು ಅಸೋಸಿಯೇಷನ್‌ಗೆ ಬರುವವರೆಲ್ಲ ಕಿಂಗ್ಸ್ ಸರ್ಕಲ್‌ನ ಫುಟ್‌ಪಾತಿನ ಪುಸ್ತಕದ ರಾಶಿ ನೋಡಿಯೇ ಇರುತ್ತೀರಿ. ಅಲ್ಲಿ ಇಂಜಿನಿಯರಿಂಗ್ ಪುಸ್ತಕಗಳೇ ಹೆಚ್ಚು, ನಿಜ. ಆದರೆ ನನ್ನ ಮಗಳಿಗೆ ಮೊದಲ ವರ್ಷಕ್ಕೆ ಬೇಕಾದ ಅನಾಟಮಿ (ಅಂಗರಚನೆ), ಫಿಸಿಯಾಲಜಿ (ಅಂಗಗಳ ಕೆಲಸ) ಎರಡೂ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಕ್ಕವು.

ನಾನು ಲೆಕ್ಕ ಬರೆಯುವ ಕೆಲಸದವಳು, ಹಾಗಾಗಿ ದುಡ್ಡಿನ ಮಾತು ಮೊದಲು. ಎಜುಕೇಶನ್ ಲೋನ್‌ನಲ್ಲಿ ಪುಸ್ತಕದ ಖರ್ಚೂ ಸೇರುತ್ತದೆ, ಆದರೆ ಬ್ಯಾಂಕಿಗೆ ಬಿಲ್ಲು ಬೇಕು. ಫುಟ್‌ಪಾತಿನವರು ಬಿಲ್ಲು ಎಲ್ಲಿಂದ ಕೊಡಬೇಕು? "ಹೇಗೂ ಸಾಲ ಇದೆ, ಎಲ್ಲ ಹೊಸದೇ ತಗೊಳ್ಳೋಣ" ಅಂದರು ನಮ್ಮವರು. ಕೂರಿಸಿ ಲೆಕ್ಕ ಹಾಕಿ ತೋರಿಸಿದೆ. ಹಣ ಬ್ಯಾಂಕಿನಿಂದ ಹೊರಬಿದ್ದ ದಿನದಿಂದಲೇ ಬಡ್ಡಿ ಓಡುತ್ತದೆ. ಓದು ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ, ಕಂತು ಶುರುವಾಗುವ ಮುಂಚೆ ಸಾಮಾನ್ಯವಾಗಿ ಕೊಡುವ ಬಿಡುವು ಇನ್ನೊಂದು ವರ್ಷ. ನಡುವೆ ಬಡ್ಡಿ ಕಟ್ಟದಿದ್ದರೆ, ಶೇ. 10ರ ಸರಳ ಬಡ್ಡಿ ಹಿಡಿದರೂ 10,000 ರೂಪಾಯಿಯ ಪುಸ್ತಕ ಅಷ್ಟು ಹೊತ್ತಿಗೆ 16,500 ಆಗಿರುತ್ತದೆ. ಸಾಲ ಫೀಸಿಗೂ ಹಾಸ್ಟೆಲಿಗೂ ಇರಲಿ, ಪುಸ್ತಕಕ್ಕೆ ಕೈಯಿಂದಲೇ ಹಾಕೋಣ ಎಂದು ತೀರ್ಮಾನವಾಯಿತು.

ಆದರೆ ಹಳೆಯದು ಅಂತ ಕಣ್ಣು ಮುಚ್ಚಿ ತರಬೇಡಿ. 2019ರಲ್ಲಿ ಎಂಬಿಬಿಎಸ್ ಪಠ್ಯಕ್ರಮ ಬದಲಾಗಿದೆ, ಆದ್ದರಿಂದ ಓದುವ ಪುಸ್ತಕ ಅದರ ನಂತರದ ಆವೃತ್ತಿಯೇ ಆಗಿರಬೇಕು. ಚಿತ್ರಗಳ ಅಟ್ಲಾಸ್‌ಗೆ ಆ ಚಿಂತೆಯಿಲ್ಲ, ಮೂಳೆ ಸ್ನಾಯು ಬದಲಾಗುವುದಿಲ್ಲವಲ್ಲ. ಅದರಲ್ಲಿ ನೋಡಬೇಕಾದ್ದು ಹಾಳೆ. ಮುಂಬಯಿ ಮಳೆಯಲ್ಲಿ ನೀಲಿ ತಾಡಪತ್ರಿಯ ಕೆಳಗಿದ್ದ ನುಣುಪು ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಬಿಡಿಸಿದರೆ ಚಿತ್ರವೇ ಕಿತ್ತು ಬರುತ್ತದೆ. ಬಣ್ಣ ಮಸುಕಾಗಿದ್ದರೆ ಜೆರಾಕ್ಸ್ ಪ್ರತಿ ಇರಬಹುದು, ಅದನ್ನು ಅಲ್ಲೇ ಬಿಡಿ.

ನಮಗೆ ಸಿಕ್ಕ, ಚೌರಾಸಿಯಾ ಎಂಬವರು ಬರೆದ ಅನಾಟಮಿ ಪುಸ್ತಕದ ಒಂದು ಸಂಪುಟದಲ್ಲಿ ಯಾರೋ ಸೀನಿಯರ್ ಅಂಚಿನಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದಾರೆ. ಈ ಪ್ರಶ್ನೆ ಯಾವ ವರ್ಷ ಬಂದಿತ್ತು, ಯಾವುದನ್ನು ವೈವಾದಲ್ಲಿ (ಬಾಯಿಮಾತಿನ ಪರೀಕ್ಷೆಯಲ್ಲಿ) ಕೇಳುತ್ತಾರೆ, ಎಲ್ಲ. ಇಲ್ಲಿನ ಮೆಡಿಕಲ್ ಕಾಲೇಜುಗಳಿಗೆ ಪರೀಕ್ಷೆ ನಡೆಸುವ ನಾಶಿಕ್‌ನ ಆರೋಗ್ಯ ವಿಶ್ವವಿದ್ಯಾಲಯದ ಪರೀಕ್ಷೆ ಬರೆಯುವ ಹುಡುಗಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇಕೇ? ಮಗಳು ಆ ಗುರುತುಗಳನ್ನೇ ಮೊದಲು ಓದುತ್ತಾಳೆ. ಹೊಸ ಪುಸ್ತಕ ಕೊಂಡಿದ್ದರೆ ಇದು ಸಿಗುತ್ತಿರಲಿಲ್ಲ. ಆ ಕೈಬರಹದ ಪುಣ್ಯಾತ್ಮರಿಗೆ ಮನಸಾರೆ ನಮಸ್ಕಾರ.

ಬಯೋಕೆಮಿಸ್ಟ್ರಿ ಮಾತ್ರ ಒಳ್ಳೆಯ ಪ್ರತಿ ಸಿಗಲಿಲ್ಲ. ಪರೇಲ್‌ಗೆ ಹೋಗಿ ಕೆಇಎಂ ಆಸ್ಪತ್ರೆ ಎದುರಿಗೆ ಹೊಸದು ಕೊಂಡೆವು. ಏಪ್ರನ್, ಡಿಸೆಕ್ಷನ್ ಬಾಕ್ಸ್ (ದೇಹ ಕೊಯ್ದು ಕಲಿಯುವ ಸಲಕರಣೆಗಳ ಪೆಟ್ಟಿಗೆ) ಕೂಡ ಫುಟ್‌ಪಾತಿನಲ್ಲಿ ಹುಡುಕುವ ಸಾಮಾನಲ್ಲ. ಓದಲು ಬೇಕಾಗುವ ಮೂಳೆಗಳ ಹಾಫ್ ಸೆಟ್‌ಗೆ (ಅರ್ಧ ಅಸ್ಥಿಪಂಜರ) ಅವಸರ ಬೇಡ, ತರಗತಿ ಶುರುವಾದ ಮೇಲೆ ಎರಡನೇ ವರ್ಷದವರನ್ನು ಕೇಳಿದರೆ ಆಯಿತು.

ಮಾರುವವರು ಪುಸ್ತಕ ಬಲ್ಲವರು, ಆದರೆ ಮೊದಲ ಬೆಲೆ ಜಾಸ್ತಿಯೇ ಹೇಳುತ್ತಾರೆ. ಚೌಕಾಸಿ ಮಾಡಿ. ವರ್ಷ ಮುಗಿದ ಮೇಲೆ ಚೆನ್ನಾಗಿಟ್ಟು ತಂದರೆ ಎಷ್ಟಕ್ಕೆ ವಾಪಸ್ ತಗೊಳ್ಳುತ್ತೀರಿ ಎಂದು ಕೊಳ್ಳುವಾಗಲೇ ಕೇಳಿ, ಮೊದಲ ಪುಟದಲ್ಲಿ ಬರೆಸಿಕೊಳ್ಳಿ. ನಮಗೆ ಬರೆದುಕೊಟ್ಟರು.