ಪೋಟ್ಸ್‌ಗೆ ಕಂಪ್ರೆಷನ್ ಉಡುಪು: ಕಾಲಿಗಿಂತ ಮೊದಲು ಹೊಟ್ಟೆ

ಪೋಟ್ಸ್‌ಗೆಂದು (POTS, ಎದ್ದು ನಿಂತಾಗ ನಾಡಿ ವಿಪರೀತ ಏರುವ ತೊಂದರೆ) ಮೊಣಕಾಲುದ್ದದ ಕಂಪ್ರೆಷನ್ ಸಾಕ್ಸ್, ಅಂದರೆ ಕಾಲನ್ನು ಬಿಗಿಯಾಗಿ ಒತ್ತಿ ಹಿಡಿಯುವ ಸಾಕ್ಸ್, ಕೊಳ್ಳಲು ಹೊರಟಿದ್ದರೆ ಸ್ವಲ್ಪ ತಡೆಯಿರಿ. ಸುಲಭವಾಗಿ ಸಿಗುವುದು ಅದೇ, ಹಾಕಿಕೊಳ್ಳಲು ಸಲೀಸಾದದ್ದೂ ಅದೇ. ಆದರೆ ಈ ತೊಂದರೆಗೆ ಅತಿ ಕಡಿಮೆ ಕೆಲಸಕ್ಕೆ ಬರುವುದೂ ಅದೇ. ಹೊಟ್ಟೆಗೆ ಸುತ್ತುವ ಬೈಂಡರ್, ಸೊಂಟದವರೆಗಿನ ಟೈಟ್ಸ್, ತೊಡೆಯುದ್ದದ ಸ್ಟಾಕಿಂಗ್ಸ್, ಮೊಣಕಾಲುದ್ದದ ಸಾಕ್ಸ್, ಈ ನಾಲ್ಕರ ಗುಣದೋಷ ಇಲ್ಲಿದೆ. ಕಂಪನಿ ಯಾವುದು ಎನ್ನುವುದಕ್ಕಿಂತ ಉಡುಪು ಮೈಯ ಯಾವ ಭಾಗವನ್ನು, ಎಷ್ಟು ಒತ್ತಡದಲ್ಲಿ ಹಿಡಿಯುತ್ತದೆ ಎನ್ನುವುದೇ ಮುಖ್ಯ.

ಪೋಟ್ಸ್ ಎಂದರೆ ನಿಂತ 10 ನಿಮಿಷದೊಳಗೆ ನಾಡಿ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಹೆಚ್ಚು ಏರುವುದು. 12ರಿಂದ 19ರ ವಯಸ್ಸಿನವರಲ್ಲಿ ಆ ಏರಿಕೆ 40 ಇರಬೇಕು. ರಕ್ತದೊತ್ತಡ ಮಾತ್ರ ದೊಡ್ಡದಾಗಿ ಬೀಳಬಾರದು. ತಲೆ ಹಗುರಾಗುವುದು, ಎದೆ ಬಡಿತ, ಮಂಕು ಕವಿಯುವುದು ಮೊದಲಾದ ಲಕ್ಷಣಗಳು ಕನಿಷ್ಠ 3 ತಿಂಗಳು ಇದ್ದಿರಬೇಕು. ಯಾರೇ ಎದ್ದು ನಿಂತರೂ ಸುಮಾರು 500ರಿಂದ 800 ಮಿಲಿಲೀಟರ್ ರಕ್ತ ಎದೆಯ ಭಾಗದಿಂದ ಕೆಳಕ್ಕೆ ಜಾರುತ್ತದೆ. ಅದೆಲ್ಲ ಪಾದಕ್ಕೇ ಇಳಿಯುತ್ತದೆ ಎಂಬ ಕಲ್ಪನೆಯಿಂದಲೇ ಸಾಕ್ಸ್ ಇಷ್ಟು ಮಾರಾಟವಾಗುವುದು. ಆದರೆ ಆ ರಕ್ತದಲ್ಲಿ ದೊಡ್ಡ ಪಾಲು ಕರುಳಿನ ಸುತ್ತಲಿನ ಸಿರೆಗಳಲ್ಲಿ ನಿಲ್ಲುತ್ತದೆ. ಮೀನಖಂಡದ ಸಿರೆಗಳಿಗಾದರೆ ಸುತ್ತ ಸ್ನಾಯುವಿದೆ, ಹೆಜ್ಜೆ ಹಾಕಿದಾಗಲೆಲ್ಲ ಅದು ರಕ್ತವನ್ನು ಮೇಲಕ್ಕೆ ಹಿಂಡುತ್ತದೆ. ಕರುಳಿನ ಸಿರೆಗಳಿಗೆ ಅಂಥ ಪಂಪು ಇಲ್ಲ.

ಈ ಲೆಕ್ಕಾಚಾರವನ್ನು 2021ರಲ್ಲಿ ಪ್ರಕಟವಾದ, ಕೆನಡಾದ ಕ್ಯಾಲ್ಗರಿ ಸಂಶೋಧಕರ ಅಧ್ಯಯನ ನೇರವಾಗಿ ಪರೀಕ್ಷೆಗೊಡ್ಡಿತು. ಪೋಟ್ಸ್ ಇರುವ 30 ಜನರನ್ನು ಟಿಲ್ಟ್ ಟೇಬಲ್ (ಮಲಗಿದವರನ್ನು ಹಾಗೇ ಮೇಲಕ್ಕೆ ಓರೆಯಾಗಿಸುವ ಮಂಚ) ಮೇಲೆ ನಾಲ್ಕು ಸಲ ಎಬ್ಬಿಸಿ ನಿಲ್ಲಿಸಿದರು: ಒತ್ತಡವೇ ಇಲ್ಲದೆ, ಕಾಲಿಗೆ ಮಾತ್ರ ಒತ್ತಡ ಕೊಟ್ಟು, ಹೊಟ್ಟೆ ಮತ್ತು ತೊಡೆಗೆ ಕೊಟ್ಟು, ಕೊನೆಗೆ ಎಲ್ಲಕ್ಕೂ ಕೊಟ್ಟು. ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಯಾದೃಚ್ಛಿಕ. ಸರಾಸರಿ ನಾಡಿ ಕ್ರಮವಾಗಿ 109, 103, 97 ಮತ್ತು 92 ಬಂತು. ಲಕ್ಷಣಗಳ ಅಂಕವೂ ಹೆಚ್ಚುಕಡಿಮೆ ಇದೇ ದಾರಿ ಹಿಡಿಯಿತು. ಕಾಲೊಂದನ್ನೇ ಬಿಗಿದರೆ ಸಿಕ್ಕಿದ್ದು 6 ಬಡಿತದ ಲಾಭ, ಹೊಟ್ಟೆ ಮತ್ತು ತೊಡೆ ಬಿಗಿದರೆ 12. ಅದೇ ಜನ ಆಮೇಲೆ ಅಂಗಡಿಯಲ್ಲಿ ಸಿಗುವ ಕಂಪ್ರೆಷನ್ ಟೈಟ್ಸ್ ಹಾಕಿಕೊಂಡಾಗಲೂ ನಾಡಿ ಇಳಿಯಿತು, ಲಕ್ಷಣ ತಗ್ಗಿತು.

ಅಧ್ಯಯನ ಸಣ್ಣದು, ಅದನ್ನು ಮರೆಯಬಾರದು. ಒತ್ತುವ ಉಡುಪು ಮೈಮೇಲಿದೆಯೋ ಇಲ್ಲವೋ ಎನ್ನುವುದನ್ನು ಹಾಕಿಕೊಂಡವರಿಂದ ಮುಚ್ಚಿಡುವುದೂ ಸಾಧ್ಯವಿಲ್ಲ. ಹಾಗಾಗಿ ಲಕ್ಷಣಗಳ ಅಂಕಕ್ಕಿಂತ ನಾಡಿಯ ಅಂಕಿಗೇ ಹೆಚ್ಚು ಬೆಲೆ ಕೊಡುವುದು ಒಳ್ಳೆಯದು. ಆದರೆ ಸಾಕ್ಷ್ಯ ಇದೊಂದೇ ಅಲ್ಲ. ನಿಂತಾಗ ರಕ್ತದೊತ್ತಡ ಕುಸಿಯುವ ಕಾಯಿಲೆ ಪೋಟ್ಸ್‌ನ ನೆಂಟ. ಆ ರೋಗಿಗಳ ಮೇಲೆ 1997ರಲ್ಲೇ ಪ್ರಕಟವಾದ ಅಧ್ಯಯನದಲ್ಲಿ, ಮೀನಖಂಡ ಅಥವಾ ತೊಡೆಯನ್ನಷ್ಟೇ ಒತ್ತಿದರೆ ಹೇಳಿಕೊಳ್ಳುವಂಥ ಲಾಭವಿರಲಿಲ್ಲ, ಹೊಟ್ಟೆಯನ್ನು ಒತ್ತಿದರೆ ಇತ್ತು. ನಿಂತಾಗ ತಾನೇ ಗಾಳಿ ತುಂಬಿಕೊಂಡು ಹೊಟ್ಟೆಯನ್ನು 40 ಮಿ.ಮೀ. ಪಾದರಸದಷ್ಟು ಒತ್ತುವ ಬೈಂಡರ್ ಒಂದನ್ನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದವರು ಇಂಥ ರೋಗಿಗಳ ಮೇಲೆ ಪ್ರಯೋಗಿಸಿ, ಅದರ ಫಲ ರಕ್ತದೊತ್ತಡ ಏರಿಸುವ ಮಿಡೋಡ್ರಿನ್ ಮಾತ್ರೆಗೆ ಸಮನಾಗಿತ್ತೆಂದು 2016ರಲ್ಲಿ ವರದಿ ಮಾಡಿದರು.

ಹಾಗಾಗಿ ಮೊದಲ ಖರೀದಿ ಬೈಂಡರ್. ಹೆರಿಗೆ ಅಥವಾ ಹೊಟ್ಟೆಯ ಆಪರೇಷನ್ ಆದಮೇಲೆ ಕಟ್ಟುವ ಎಲಾಸ್ಟಿಕ್ ಪಟ್ಟಿ, ಮುಂದೆ ವೆಲ್ಕ್ರೋ ಇರುವಂಥದ್ದು, ಸಾಕು. ನಡು ಸಣ್ಣದಾಗಿ ಕಾಣಲೆಂದು ಮಾರುವ ಗಟ್ಟಿ ಪಟ್ಟಿಗಳು ಬೇಡ. ಅವು ಪಕ್ಕೆಲುಬನ್ನು ಹಿಂಡುತ್ತವೆ, ಕೆಳಹೊಟ್ಟೆಯನ್ನು ಸಡಿಲ ಬಿಡುತ್ತವೆ. ನಮಗೆ ಬೇಕಾದದ್ದು ಇದರ ತಿರುವುಮುರುವು. ಅಗಲವನ್ನು ಹೀಗೆ ನೋಡಿ: ಕುರ್ಚಿಯಲ್ಲಿ ಕುಳಿತು, ಕೊನೆಯ ಪಕ್ಕೆಲುಬಿನಿಂದ ತೊಡೆ ಮಡಚುವ ಗೆರೆಯವರೆಗೆ ಟೇಪ್ ಹಿಡಿಯಿರಿ. ಪಟ್ಟಿಯ ಅಗಲ ಅದಕ್ಕಿಂತ ಹೆಚ್ಚಿರಬಾರದು. ನಿಂತು ಅಳೆದು ಕೊಂಡರೆ ಕುಳಿತಾಗಲೆಲ್ಲ ಪಟ್ಟಿ ಸುರುಳಿ ಸುತ್ತಿಕೊಂಡು ಹೊಕ್ಕುಳ ಮೇಲೆ ಹಗ್ಗವಾಗಿ ನಿಲ್ಲುತ್ತದೆ. ಬೈಂಡರನ್ನು ಮೂಲೆಗೆಸೆಯಲು ಮುಖ್ಯ ಕಾರಣ ಈ ಸುರುಳಿ. ತಪ್ಪು ಪಟ್ಟಿಯದಲ್ಲ, ಅಳತೆಯದು.

ಕಟ್ಟಬೇಕಾದದ್ದು ಮಲಗಿದಲ್ಲೇ, ಹಾಸಿಗೆಯಿಂದ ಏಳುವ ಮೊದಲು. ಎದ್ದು ಹೊಟ್ಟೆಗೆ ರಕ್ತ ಇಳಿದ ಮೇಲೆ ಬಿಗಿದರೆ ಅರ್ಧ ಲಾಭ ಹೋದಂತೆಯೇ. ಪಟ್ಟಿಯ ಕೆಳ ಅಂಚು ಸೊಂಟದ ಮೂಳೆಗಳ ಮಟ್ಟಕ್ಕೆ ಇರಲಿ. ಮೊದಲು ಕೆಳಭಾಗವನ್ನು ಬಿಗಿಯಾಗಿ ಅಂಟಿಸಿ, ಆಮೇಲೆ ಮೇಲಿನದನ್ನು ಸ್ವಲ್ಪ ಸಡಿಲವಾಗಿ. ಪೂರ್ತಿ ಉಸಿರೆಳೆಯಲು ಆಗಬೇಕು, ಎರಡು ಬೆರಳು ಕಷ್ಟಪಟ್ಟು ಒಳಗೆ ಹೋಗಬೇಕು. ತೆಳ್ಳಗಿರುವವರಲ್ಲಿ ಇನ್ನೊಂದು ಪೇಚಿದೆ: ಪಟ್ಟಿ ಎರಡೂ ಬದಿಯ ಸೊಂಟದ ಮೂಳೆಗಳ ಮೇಲೆ ಸೇತುವೆಯಂತೆ ನಿಂತು, ನಡುವಿನ ಹೊಟ್ಟೆಗೆ ಒತ್ತಡವೇ ತಾಗುವುದಿಲ್ಲ. ಮಡಚಿದ ಮೆತ್ತನೆಯ ಬಟ್ಟೆಯನ್ನು ಕೆಳಹೊಟ್ಟೆಯ ಮೇಲಿಟ್ಟು ಕಟ್ಟಿದರೆ ಆ ತಗ್ಗು ತುಂಬುತ್ತದೆ. ಊಟವಾದ ಮೇಲೆ ಎದೆಯುರಿ ಬಂದರೆ ಮೇಲಿನ ಅಂಟನ್ನು ಮಾತ್ರ ಸಡಿಲಿಸಿ. ಪೂರ್ತಿ ಬಿಚ್ಚುವುದು ಬೇಡ, ಏಕೆಂದರೆ ಉಂಡ ನಂತರವೇ ಕರುಳಿಗೆ ರಕ್ತ ಹೆಚ್ಚು ಹರಿಯುವುದು. ಮಲಗುವಾಗ ಬಿಚ್ಚಿಡಿ.

ಸೊಂಟದವರೆಗಿನ ಟೈಟ್ಸ್ ಒಂದೇ ಉಡುಪಿನಲ್ಲಿ ಎಲ್ಲವನ್ನೂ ಹಿಡಿಯುತ್ತದೆ, ಕಾಗದದ ಮೇಲೆ. ಬಹಳಷ್ಟು ಮೆಡಿಕಲ್ ಟೈಟ್ಸ್‌ಗಳಲ್ಲಿ ಹೊಟ್ಟೆಯ ಭಾಗ ಸಾದಾ ಹಿಗ್ಗುವ ಬಟ್ಟೆ, ಅದಕ್ಕೆ ಒತ್ತಡವೇ ಇರುವುದಿಲ್ಲ. ಪೊಟ್ಟಣದ ಮೇಲಿನ ಅಂಕಿಯೂ ಸಾಮಾನ್ಯವಾಗಿ ಹರಡಿನದು, ಅಂದರೆ ಪಾದದ ಗಂಟಿನದು. ಅಲ್ಲಿಂದ ಮೇಲೆ ಹೋದಂತೆ ಒತ್ತಡ ಬೇಕೆಂದೇ ಇಳಿಯುವಂತೆ ನೇಯ್ದಿರುತ್ತಾರೆ. 20–30 ಎಂದು ಬರೆದದ್ದು ತೊಡೆಯಲ್ಲೂ ಅಷ್ಟೇ ಇರುತ್ತದೆಂದು ತಿಳಿಯಬೇಡಿ. ಇನ್ನೊಂದು ಗೊಂದಲ 'ಕ್ಲಾಸ್ 2' ಎಂಬ ಮುದ್ರೆ. ಬ್ರಿಟಿಷ್ ಮಾನದಂಡದಲ್ಲಿ ಅದು 18–24 ಮಿ.ಮೀ. ಪಾದರಸ, ಜರ್ಮನ್ ಮಾನದಂಡದಲ್ಲಿ 23–32. ಕ್ಲಾಸ್ ನೋಡಿ ಕೊಳ್ಳಬೇಡಿ, ಮಿ.ಮೀ. ನೋಡಿ ಕೊಳ್ಳಿ. ಪೋಟ್ಸ್‌ಗೆ ಸಾಮಾನ್ಯವಾಗಿ ಹೇಳುವುದು 30–40. ಆದರೆ ಅದನ್ನು ಏರಿಸುವಷ್ಟರಲ್ಲೇ ಸುಸ್ತು ಹೊಡೆಯುತ್ತದೆ, ಕೆಲವರ ನಾಡಿ ಅಲ್ಲೇ ಹಾರುತ್ತದೆ. ಕಪಾಟಿನಲ್ಲಿ ಮಡಚಿಟ್ಟ 30–40ಕ್ಕಿಂತ ದಿನಾ ಮೈಮೇಲಿರುವ 20–30 ಮೇಲು.

ಹಾಕಿಕೊಳ್ಳುವ ಕ್ರಮ: ಬೆಳಿಗ್ಗೆ ಕಾಲು ಊದಿಕೊಳ್ಳುವ ಮೊದಲು ಮಂಚದ ಮೇಲೇ ಕುಳಿತು, ಹಿಮ್ಮಡಿಯವರೆಗೆ ಒಳಮೈ ಹೊರಗೆ ತಿರುಗಿಸಿ, ಪಾದ ಮತ್ತು ಹಿಮ್ಮಡಿಯನ್ನು ಸರಿಯಾಗಿ ಕೂರಿಸಿ. ಆಮೇಲೆ ಅಂಚು ಹಿಡಿದು ಎಳೆಯದೆ, ಪಾತ್ರೆ ತೊಳೆಯುವ ರಬ್ಬರ್ ಗ್ಲೋವ್ಸ್ ಹಾಕಿಕೊಂಡು ಅಂಗೈಯಿಂದ ಮೇಲಕ್ಕೆ ಸವರುತ್ತ ಹೋಗಿ. ಕೀಲುಗಳು ಅತಿಯಾಗಿ ಬಾಗುವ ಎಹ್ಲರ್ಸ್–ಡ್ಯಾನ್ಲಾಸ್ ಇರುವವರಿಗೆ ಇದು ಬರೀ ಅನುಕೂಲವಲ್ಲ, ಎಳೆದಾಟದಲ್ಲಿ ಹೆಬ್ಬೆರಳಿನ ಕೀಲೇ ಜಾರೀತು. ಅವರಿಗೆ ಕಾಲು ತೂರಿಸುವ ತಂತಿಯ ಚೌಕಟ್ಟು ವಾಸಿ.

ತೊಡೆಯುದ್ದದ ಸ್ಟಾಕಿಂಗ್ಸ್ ಬೈಂಡರ್ ಜೊತೆಗಿದ್ದರೆ ಚೆನ್ನ, ಒಂಟಿಯಾಗಿ ಅಷ್ಟಕ್ಕಷ್ಟೇ. ಸಿಲಿಕಾನ್ ಅಂಚು ಬೆವರಿಗೆ ಜಾರಿ ಕೆಳಗಿಳಿಯುತ್ತದೆ. ಉದ್ದ ಹೆಚ್ಚಾಯಿತೆಂದು ಅಂಚನ್ನು ಮಡಚಿದರೆ ಒಂದೇ ಜಾಗದಲ್ಲಿ ಎರಡು ಪದರದ ಒತ್ತಡ ಬಿದ್ದು, ಕೆಳಗಿನ ರಕ್ತ ಮೇಲೇರದಂತೆ ಕಟ್ಟು ಹಾಕಿದ ಹಾಗಾಗುತ್ತದೆ. ಮೊಣಕಾಲುದ್ದದ ಸಾಕ್ಸ್? ಪಾದ ಊದಿಕೊಳ್ಳುವವರಿಗೆ ಸರಿ.

ಕೊಂಡದ್ದು ಕೆಲಸ ಮಾಡುತ್ತಿದೆಯೇ ಎಂದು ಮನೆಯಲ್ಲೇ ನೋಡಬಹುದು. ತೋಳಿಗೆ ಕಟ್ಟುವ ಬಿಪಿ ಮಶೀನ್ ಬೇಕು, ಮಣಿಕಟ್ಟಿನದು ಬೇಡ. ಬೆರಳಿಗೆ ಹಾಕುವ ಆಕ್ಸಿಮೀಟರ್ ತಣ್ಣನೆಯ ಕೈಯಲ್ಲಿ ತಪ್ಪು ತೋರಿಸುತ್ತದೆ. 10 ನಿಮಿಷ ಮಲಗಿ ನಾಡಿ ಮತ್ತು ರಕ್ತದೊತ್ತಡ ಬರೆದುಕೊಳ್ಳಿ. ಎದ್ದು ನಿಂತು 1, 3, 5 ಮತ್ತು 10ನೇ ನಿಮಿಷಕ್ಕೆ ಮತ್ತೆ ಬರೆಯಿರಿ. ಕಾಲು ಅಲುಗಿಸಬಾರದು, ಮಾತಾಡಬಾರದು, ಹತ್ತಿರ ಒಬ್ಬರು ಇರಬೇಕು, ಕಣ್ಣು ಕತ್ತಲಿಟ್ಟರೆ ಕೂಡಲೇ ಮಲಗಬೇಕು. ಒಂದು ಬೆಳಿಗ್ಗೆ ಉಡುಪಿಲ್ಲದೆ, ಮರುದಿನ ಅದೇ ಹೊತ್ತಿಗೆ ಉಡುಪಿನೊಂದಿಗೆ, ಹೀಗೆ ಮೂರು ಜೋಡಿ ಮಾಡಿ. ಬೆಳಿಗ್ಗೆಯೇ ಏಕೆಂದರೆ ಪೋಟ್ಸ್‌ನಲ್ಲಿ ನಾಡಿಯ ಏರಿಕೆ ಸಂಜೆಗಿಂತ ಬೆಳಿಗ್ಗೆ ಹೆಚ್ಚು; ಬೆಳಗಿನ ಅಂಕಿಯನ್ನು ಸಂಜೆಯದರ ಜೊತೆ ಹೋಲಿಸಿದರೆ ಹೊತ್ತಿನ ಲಾಭ ಉಡುಪಿನ ಖಾತೆಗೆ ಹೋಗುತ್ತದೆ. ಪರೀಕ್ಷೆಗೆ ಮುಂಚೆ ಅರ್ಧ ಲೀಟರ್ ನೀರು ಗಟಗಟ ಕುಡಿದರೂ ನಿಂತಾಗಿನ ನಾಡಿ ಇಳಿಯುತ್ತದೆ, ಆದ್ದರಿಂದ ನೀರು, ಉಪ್ಪು, ಮಾತ್ರೆಯ ಸಮಯ ಎರಡೂ ದಿನ ಒಂದೇ ಇರಲಿ.

ಕಾಲಿಗೆ ರಕ್ತ ಒಯ್ಯುವ ಧಮನಿ ಕಿರಿದಾಗಿರುವವರು, ಹೃದಯ ವೈಫಲ್ಯ ಇರುವವರು, ಪಾದದ ಸ್ಪರ್ಶಜ್ಞಾನ ಕುಂದಿದವರು, ಚರ್ಮದಲ್ಲಿ ಗಾಯ ಇರುವವರು ವೈದ್ಯರನ್ನು ಕೇಳದೆ ಕಾಲಿಗೆ ಕಂಪ್ರೆಷನ್ ಹಾಕಬಾರದು. ಹರ್ನಿಯಾ ಇರುವವರು ಮತ್ತು ಗರ್ಭಿಣಿಯರು ಬೈಂಡರ್ ವಿಷಯದಲ್ಲೂ ಕೇಳಿಯೇ ಮುಂದುವರಿಯಬೇಕು. ಬೆರಳು ಜೋಮು ಹಿಡಿದರೆ, ನೀಲಿಗಟ್ಟಿದರೆ ಆಗಲೇ ಬಿಚ್ಚಿ.

ಎರಡು ಜೋಡಿ ಇಟ್ಟುಕೊಂಡು ದಿನಾ ಒಂದನ್ನು ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಹರಡಿ. ಬಟ್ಟೆ ಮೆತ್ತಗಾಗಿಸುವ ದ್ರಾವಣ ಮತ್ತು ಬಿಸಿ ಎರಡೂ ಎಲಾಸ್ಟಿಕ್ ನೂಲನ್ನು ಕೊಲ್ಲುತ್ತವೆ. ವೆಲ್ಕ್ರೋ ಮುಚ್ಚಿಯೇ ಒಗೆಯಿರಿ, ಇಲ್ಲದಿದ್ದರೆ ನೂಲು ಸಿಕ್ಕಿಕೊಂಡು ಅಂಟು ಹೋಗುತ್ತದೆ. ದಿನನಿತ್ಯ ಬಳಸಿದರೆ ಸುಮಾರು 6 ತಿಂಗಳಿಗೆ ಬದಲಿಸಬೇಕು. ಏರಿಸುವುದು ದಿಢೀರನೆ ಸುಲಭ ಎನಿಸತೊಡಗಿದರೆ ಅದು ನಿಮ್ಮ ಕೈ ಪಳಗಿದ್ದಲ್ಲ, ಬಟ್ಟೆ ಸೋತದ್ದು. ಮನೆಯ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ, ಹೊಸದರಲ್ಲಿ ಬರೆದಿಟ್ಟ ಅಂಕಿಯ ಪಕ್ಕದಲ್ಲಿಟ್ಟು ನೋಡಿ.